ಗಾರ್ಗಾಯ್ಲ್ ಎಂದರೆ ಗಂಟಲು

ಮಾನ್ಯ ಸಂಪಾದಕರೇ,

ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್ ಕುರಿತು ಪುರವಣಿಯಲ್ಲಿ ಬಂದ ಲೇಖನ ಓದಿಸಿಕೊಂಡು ಹೋಯಿತು. ತಕರಾರು ಇರುವುದು ಅದರ ಜೊತೆ ಅಚ್ಚಾದ ಚಿತ್ರದ ಅಡಿಬರಹಕ್ಕೆ. ಕೊಂಬು, ರೆಕ್ಕೆ ಎರಡೂ ಇರುವ ಆಕೃತಿಯೊಂದು ಗಲ್ಲಕ್ಕೆ ಕೈಕೊಟ್ಟು, ನಾಲಿಗೆ ಚಾಚಿ ಊರನ್ನು ನೋಡುತ್ತ ಕೂತಿದೆ. ಅದರ ಕೆಳಗೆ ‘ದುಷ್ಟಶಕ್ತಿಗಳನ್ನು ಓಡಿಸಲು ಕೂರಿಸಿದ ಮಧ್ಯಯುಗದ ಗಾರ್ಗಾಯ್ಲ್’ ಎಂದಿದೆ. ಒಂದೇ ಸಾಲಿನಲ್ಲಿ ಎರಡು ತಪ್ಪು, ಒಂದು ಊಹೆ. ಗಾರ್ಗಾಯ್ಲ್ ಎಂದರೆ ಮಾಡಿನ ಮಳೆನೀರನ್ನು ಗೋಡೆಯಿಂದ ದೂರಕ್ಕೆ ಉಗುಳುವ, ಕೆತ್ತಿದ ಕಲ್ಲುಬಾಯಿ. ಚಿತ್ರದ ಆಕೃತಿ ಗಾರ್ಗಾಯ್ಲ್ ಅಲ್ಲ, ಮಧ್ಯಯುಗದ್ದೂ ಅಲ್ಲ. ದುಷ್ಟಶಕ್ತಿಯ ಮಾತು ಊಹೆ. ಇವೆಲ್ಲ ಎಲ್ಲೆಡೆ ನಡೆಯುವ ತಪ್ಪುಗಳೇ, ಪ್ರವಾಸಿ ಕೈಪಿಡಿಗಳಲ್ಲೂ ಇವೆ. ಆದರೆ ಆ ಪದದ ಹುಟ್ಟನ್ನು ಒಮ್ಮೆ ನೋಡಿದವರು ಮತ್ತೆ ಈ ತಪ್ಪು ಮಾಡುವುದು ಕಷ್ಟ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ.

ಇಂಗ್ಲಿಷಿನ ಗಾರ್ಗಾಯ್ಲ್ ಹಳೆಯ ಫ್ರೆಂಚಿನ ‘ಗಾರ್ಗುಯ್’ನಿಂದ ಬಂದದ್ದು. ಅದರಲ್ಲಿ ಎರಡು ತುಂಡುಗಳಿವೆ. ಮೊದಲಿನ ‘ಗಾರ್ಗ್’ ಬರೀ ಸದ್ದು. ಬಾಯಿ ಮುಕ್ಕಳಿಸುವಾಗ ನಾವು ಗಳಗಳ ಎನ್ನುತ್ತೇವಲ್ಲ, ಅದೇ ಬಗೆಯ ಅನುಕರಣ ಶಬ್ದ. ಎರಡನೆಯದು ‘ಗೂಲ್’. ಲ್ಯಾಟಿನ್ನಿನ ‘ಗುಲ’, ಅಂದರೆ ಗಂಟಲು, ಫ್ರೆಂಚಿನಲ್ಲಿ ‘ಗ್ಯೋಲ್’ ಆಯಿತು, ಕೆಲವು ಪ್ರಾಂತ್ಯಗಳ ಬಾಯಲ್ಲಿ ‘ಗೂಲ್’ ಆಗಿ ಉಳಿಯಿತು. ಎರಡೂ ಸೇರಿದರೆ ಗಳಗಳ ಎನ್ನುವ ಗಂಟಲು. ಇವತ್ತಿಗೂ ಫ್ರೆಂಚರು ಹಸಿದ ಹೊಟ್ಟೆ ಗುರುಗುಟ್ಟಿದರೆ, ಕೊಳವೆಯಲ್ಲಿ ನೀರು ಗೊಳಗುಟ್ಟಿದರೆ ‘ಗಾರ್ಗುಯೆ’ ಎಂಬ ಕ್ರಿಯಾಪದವನ್ನೇ ಬಳಸುತ್ತಾರೆ. ಗಂಟಲು ತೊಳೆಯುವುದಕ್ಕೆ ಇಂಗ್ಲಿಷರು ಹೇಳುವ ‘ಗಾರ್ಗಲ್’ ಕೂಡ ಇದೇ ಬಳ್ಳಿಯ ಕಾಯಿ.

ಆ ಬಳ್ಳಿ ದೊಡ್ಡದು. ಫ್ರೆಂಚಿನಲ್ಲಿ ಬಾಟಲಿಯ ಕುತ್ತಿಗೆ ‘ಗೂಲೊ’, ಹೊಟ್ಟೆಬಾಕ ‘ಗೂಲ್ಯು’, ಒಂದು ಗುಟುಕು ‘ಗೂಲೆ’. ಇಂಗ್ಲಿಷಿನಲ್ಲಿ ಅನ್ನನಾಳಕ್ಕೆ ಹೇಳುವ ‘ಗಲೆಟ್’ ಕೂಡ ಹಳೆಯ ಫ್ರೆಂಚಿನ ದಾನ. ಇಲ್ಲೊಂದು ಎಡವುವ ಕಲ್ಲೂ ಇದೆ: ಸಮಾಧಿ ಅಗೆದು ಹೆಣ ತಿನ್ನುವ ಪಿಶಾಚಿಗೂ ಫ್ರೆಂಚಿನಲ್ಲಿ ‘ಗೂಲ್’ ಎನ್ನುತ್ತಾರೆ. ಅದು ಅರಬ್ಬಿಯಿಂದ ಬಹಳ ತಡವಾಗಿ ಬಂದ ಬೇರೆಯೇ ಪದ. ಉಚ್ಚಾರ ಒಂದೇ ಆದ ಮಾತ್ರಕ್ಕೆ ಇಬ್ಬರನ್ನೂ ಒಂದೇ ಮನೆಯವರೆಂದು ತಿಳಿಯಬಾರದು.

ನೆರೆಯ ಭಾಷೆಗಳಂತೂ ಇನ್ನೂ ನೇರ. ಜರ್ಮನ್ನರು ‘ವಾಸರ್‌ಶ್ಪೈಯರ್’, ಅಂದರೆ ನೀರು ಉಗುಳುವವನು ಎನ್ನುತ್ತಾರೆ. ಡಚ್ಚರ ಪದದ ಅರ್ಥವೂ ಅದೇ. ಇಟಲಿಯವರ ‘ದೊಚ್ಚೋನೆ’ ಬಂದದ್ದು ನೀರಿನ ಕೊಳವೆ ಎಂಬರ್ಥದ ಮಾತಿನಿಂದ. ದೆವ್ವ, ಭೂತ, ರಕ್ಷಣೆ ಯಾವುದರ ಸುಳಿವೂ ಇವುಗಳಲ್ಲಿ ಇಲ್ಲ.

ಹಾಗಾದರೆ ಫ್ರಾನ್ಸಿನ ರೂಆನ್ ಊರಿನ ಡ್ರ್ಯಾಗನ್ ಕತೆ? ಗಾರ್ಗಾಯ್ಲ್ ಬಗ್ಗೆ ಬರೆಯುವವರೆಲ್ಲ ಅದನ್ನು ಎತ್ತುತ್ತಾರೆ. 7ನೇ ಶತಮಾನದಲ್ಲಿ ಆ ಊರಿನ ಬಿಷಪ್ ಆಗಿದ್ದ ಸಂತ ರೊಮ್ಯಾಂ, ಸೇನ್ ನದಿಯ ಬಳಿಯ ‘ಗಾರ್ಗುಯ್’ ಎಂಬ ಡ್ರ್ಯಾಗನ್ನನ್ನು ಮರಣದಂಡನೆಯಾಗಿದ್ದ ಒಬ್ಬ ಕೈದಿಯ ಜೊತೆ ಹೋಗಿ ಹಿಡಿದು, ತನ್ನ ಕೊರಳ ವಸ್ತ್ರದಿಂದ ಕಟ್ಟಿ ಊರಿಗೆ ತಂದನಂತೆ. ಸುಟ್ಟಾಗ ಮೈಯೆಲ್ಲ ಬೂದಿಯಾದರೂ ಬೆಂಕಿ ಉಗುಳಿ ಪಳಗಿದ ತಲೆ, ಕುತ್ತಿಗೆ ಮಾತ್ರ ಬೇಯಲಿಲ್ಲ. ಅವನ್ನು ಗೋಡೆಗೆ ಸಿಕ್ಕಿಸಿದರು, ಅಲ್ಲಿಂದ ಈ ರೂಢಿ ಬಂತು ಎನ್ನುತ್ತಾರೆ. ಸೊಗಸಾದ ಕತೆ. ಆದರೆ ಈ ಡ್ರ್ಯಾಗನ್ ಬರಹದಲ್ಲಿ ಕಾಣಿಸಿಕೊಳ್ಳುವುದು 14ನೇ ಶತಮಾನದ ಕೊನೆಗೆ. ಅಷ್ಟರಲ್ಲಿ ಫ್ರಾನ್ಸಿನ ಕೆಥೆಡ್ರಲ್‌ಗಳ ಕಲ್ಲುಬಾಯಿಗಳು ಒಂದೂವರೆ ಶತಮಾನದ ಮಳೆ ಕಂಡಿದ್ದವು. ಪದದಿಂದ ಡ್ರ್ಯಾಗನ್ನಿಗೆ ಹೆಸರು ಬಂದಿರಬೇಕೇ ಹೊರತು ಡ್ರ್ಯಾಗನ್ನಿನಿಂದ ಪದ ಬಂದಿರಲಾರದು. ಕತೆಗೂ ಅದರದೇ ಉಪಯೋಗವಿತ್ತು ಅನ್ನಿ: ರೂಆನ್ ಕೆಥೆಡ್ರಲ್ಲಿನ ಪಾದ್ರಿಗಳ ಮಂಡಲಿಗೆ ಪ್ರತಿವರ್ಷ ಯೇಸುವಿನ ಸ್ವರ್ಗಾರೋಹಣದ ಹಬ್ಬದಂದು ಒಬ್ಬ ಕೈದಿಯನ್ನು ಬಿಡಿಸುವ ಹಕ್ಕಿತ್ತು. ಅದು 1790ರವರೆಗೂ ನಡೆಯಿತು. ಆ ಹಕ್ಕಿಗೆ ಸಮರ್ಥನೆಯಾಗಿ ನಿಂತದ್ದು ಇದೇ ಕೈದಿಯ ಕತೆ.

ಇನ್ನು ಕಲ್ಲಿನ ವಿಚಾರಕ್ಕೆ ಬರೋಣ. ಪದ ಯಾಕೆ ಹಾಗೆ ಹುಟ್ಟಿತು ಎಂಬುದಕ್ಕೆ ಉತ್ತರ ಇರುವುದು ಅಲ್ಲೇ.

ಎತ್ತರದ ಮಾಡಿನಿಂದ ಇಳಿಯುವ ಮಳೆನೀರು ಗೋಡೆಯ ಮೇಲೆ ಹರಿದರೆ ಕಲ್ಲುಗಳ ಸಂದಿನ ಸುಣ್ಣದ ಗಾರೆ ಕರಗುತ್ತ ಹೋಗುತ್ತದೆ. ಸುಣ್ಣಕಲ್ಲಿನ ಮೈಯೂ ಸವೆಯುತ್ತದೆ. ಚಳಿಗಾಲದಲ್ಲಿ ಹೀರಿಕೊಂಡ ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾ ಹಿಗ್ಗಿ ಚಕ್ಕೆ ಎಬ್ಬಿಸುತ್ತದೆ. ಅದೇ ನೀರು ಗೋಡೆಯ ಬುಡದಲ್ಲಿ ಬಿದ್ದರೆ ಅಡಿಪಾಯದ ಮಣ್ಣು ಮೆತ್ತಗಾಗುತ್ತದೆ. ಹಾಗಾಗಿ ನೀರನ್ನು ಗೋಡೆಯಿಂದ ದೂರ ಎಸೆಯಬೇಕು. ಮೊದಮೊದಲ ಕಟ್ಟಡಗಳಲ್ಲಿ ಮಾಡಿನ ನೀರು ಸೂರಿನಿಂದ ನೇರ ಕೆಳಗೆ, ಕೆಳಗಿನ ಅಂಕಣದ ಮಾಡಿನ ಮೇಲೆ ಬೀಳುತ್ತಿತ್ತು. ಗೋಡೆಯ ನೆತ್ತಿಯಲ್ಲಿ ಕಲ್ಲಿನ ದೋಣಿ ಕೊರೆದು ನೀರನ್ನು ಕೂಡಿಸಿ, ಗೊತ್ತಾದ ಜಾಗಗಳಿಂದ ಹೊರಚೆಲ್ಲುವ ಕ್ರಮ ವ್ಯವಸ್ಥೆಯಾಗಿ ಕಾಣುವುದು 1220ರ ಸುಮಾರಿಗೆ. ಈ ದೋಣಿಯನ್ನು ಫ್ರೆಂಚರು ‘ಶೆನೊ’ ಎನ್ನುತ್ತಾರೆ.

19ನೇ ಶತಮಾನದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ತನ್ನ ವಾಸ್ತುನಿಘಂಟಿನಲ್ಲಿ ಹಳೆಯ ಗಾರ್ಗುಯ್‌ಗಳೆಂದು ತೋರಿಸುವುದು ಉತ್ತರ ಫ್ರಾನ್ಸಿನ ಲಾಂ ಊರಿನ ಕೆಥೆಡ್ರಲ್ಲಿನವನ್ನು. ಅವು ಅಗಲವಾಗಿವೆ, ಸಂಖ್ಯೆಯಲ್ಲಿ ಕಡಿಮೆ. ಒಂದರ ಮೇಲೊಂದು ಎರಡು ಕಲ್ಲು: ಕೆಳಗಿನದು ಕಾಲುವೆ, ಮೇಲಿನದು ಮುಚ್ಚಳ. ಕೆಲವೇ ವರ್ಷಗಳಲ್ಲಿ ಮೇಸ್ತ್ರಿಗಳು ಒಂದು ಸರಳ ಲೆಕ್ಕ ಕಂಡುಕೊಂಡರು. 40 ಮೀಟರ್ ಉದ್ದದ ಗೋಡೆಯ ಒಂದೇ ತುದಿಯಲ್ಲಿ ಬಾಯಿಯಿಟ್ಟರೆ, ಮೀಟರಿಗೆ 1 ಸೆಂಟಿಮೀಟರ್ ಇಳಿಜಾರು ಹಿಡಿದರೂ ದೋಣಿಯ ಎರಡು ತುದಿಗಳ ನಡುವೆ 40 ಸೆಂಟಿಮೀಟರ್ ವ್ಯತ್ಯಾಸ ಬೇಕು. ಅಷ್ಟು ಆಳಕ್ಕೆ ಕಲ್ಲು ಎಲ್ಲಿಂದ ತರುವುದು? ಪ್ರತಿ 5 ಮೀಟರಿಗೊಂದು ಬಾಯಿ ಇಟ್ಟು ಎರಡೂ ಕಡೆಯಿಂದ ನೀರು ಬರುವಂತೆ ಮಾಡಿದರೆ ಎರಡೂವರೆ ಸೆಂಟಿಮೀಟರ್ ಸಾಕು. ನೀರಿನ ಲೆಕ್ಕವೂ ಹಾಗೆಯೇ. ನೆಲದಳತೆಯಲ್ಲಿ 200 ಚದರ ಮೀಟರ್ ಇರುವ ಮಾಡಿನ ಮೇಲೆ ಗಂಟೆಗೆ 30 ಮಿಲಿಮೀಟರ್ ಮಳೆ ಸುರಿದರೆ ನಿಮಿಷಕ್ಕೆ 100 ಲೀಟರ್ ನೀರು. ಒಂದೇ ಬಾಯಿಂದ ಅದು ಧುಮುಕಿದರೆ ಕೆಳಗಿನ ಮಾಡು, ನೆಲಹಾಸು ಎಲ್ಲ ಕಿತ್ತುಹೋಗುತ್ತದೆ. ಹತ್ತು ಬಾಯಿಗೆ ಹಂಚಿದರೆ ಒಂದೊಂದರಿಂದ ನಿಮಿಷಕ್ಕೆ 10 ಲೀಟರ್, ಮನೆಯ ನಲ್ಲಿಯಷ್ಟು. ಗಾಳಿ ಅದನ್ನು ದಾರಿಯಲ್ಲೇ ಹನಿಹನಿಯಾಗಿ ಚದುರಿಸಿಬಿಡುತ್ತದೆ. ಬಾಯಿಗಳ ಸಂಖ್ಯೆ ಹೆಚ್ಚಿದಂತೆ ಒಂದೊಂದರ ಹೊರೆ ಇಳಿಯಿತು, ಕಲ್ಲು ತೆಳ್ಳಗೆ, ಉದ್ದವಾಗಿ ಆಯಿತು. ನಾವು ಇವತ್ತು ಮೆಚ್ಚಿ ನೋಡುವ ನೀಳ ಕುತ್ತಿಗೆಯ ಮೃಗಗಳು ಹುಟ್ಟಿದ್ದು ಹೀಗೆ. ಮಾಡಿನ ಇಳಿಜಾರು, ನೀರಿನ ಅಳತೆ ಮೊದಲು, ಶಿಲ್ಪಿಯ ಕಲ್ಪನೆ ಆಮೇಲೆ.

ಒಂದೇ ಒಂದು ಗಾರ್ಗುಯ್‌ಯನ್ನು ಹತ್ತಿರದಿಂದ ನೋಡಿ. ಗೋಡೆಯಿಂದ ಹೊರಗೆ ಸುಮಾರು 1 ಮೀಟರ್ ಚಾಚಿರುತ್ತದೆ. ಕೆಳಗಿನಿಂದ ಕಾಣುವುದು ಇಷ್ಟೇ. ಆದರೆ ಅದೇ ಕಲ್ಲಿನ ಬಾಲ ಗೋಡೆಯೊಳಗೆ ಹುಗಿದಿದೆ, ಅದರ ಮೇಲೆ ಮೇಲಿನ ಕಲ್ಲುವರಸೆಗಳ ಭಾರ ಕೂತಿದೆ. ಆ ಭಾರವೇ ಅದನ್ನು ಮುಂದಕ್ಕೆ ಮಗುಚದಂತೆ ಹಿಡಿದಿರುವುದು. ಮೇಲಿನ ವರಸೆ ಏರುವ ತನಕ ಕೆಳಗೆ ಊರುಗಂಬ ಕೊಟ್ಟಿರಲೇಬೇಕು. 30 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಸುಣ್ಣಕಲ್ಲು ಹೊರಗೆ 1 ಮೀಟರ್ ಚಾಚಿದರೆ ಆ ಭಾಗವೇ ಕೆತ್ತುವ ಮೊದಲು ಸುಮಾರು 200 ಕಿಲೋ ತೂಗುತ್ತದೆ. ಚಾಚು ಇಮ್ಮಡಿಯಾದರೆ ತೂಕ ಇಮ್ಮಡಿ, ಆದರೆ ಗೋಡೆಯಂಚಿನಲ್ಲಿ ಕಲ್ಲನ್ನು ಮುರಿಯಲು ನೋಡುವ ಎಳೆತ ನಾಲ್ಮಡಿ. ಇನ್ನಷ್ಟು ದೂರ ಎಸೆಯೋಣ ಎಂದು ಆಸೆಪಟ್ಟರೆ ಕಲ್ಲು ಉಳಿಯುವುದಿಲ್ಲ.

ಈ ಎಳೆತ ಬೀಳುವುದು ಕಲ್ಲಿನ ಮೇಲ್ಮೈಗೆ. ಕಾಲುವೆ ಕೊರೆಯಬೇಕಾದದ್ದೂ ಅದೇ ಬೆನ್ನಿನ ಮೇಲೆ! ಇಡೀ ಕೆಲಸದ ತಾಪತ್ರಯ ಇದು. ಕಾಲುವೆ ಆಳವಾದರೆ ನೀರು ಸಲೀಸು, ಕಲ್ಲು ದುರ್ಬಲ. ಆಳ ಸಾಲದಿದ್ದರೆ ನೀರು ಬದಿಗೆ ತುಳುಕಿ ಗೋಡೆಗೇ ಇಳಿಯುತ್ತದೆ. ತಳ ದುಂಡಗಿದ್ದರೆ ಒಳ್ಳೆಯದು. ಚೌಕ ಮೂಲೆಯಿಂದ ಬಿರುಕು ಬೇಗ ಶುರುವಾಗುತ್ತದೆ, ಕಸವೂ ಅಲ್ಲೇ ನಿಲ್ಲುತ್ತದೆ. ಕಾಲುವೆ ಬೆನ್ನ ಮೇಲೆ ತೆರೆದೇ ಬಂದು, ತಲೆಯ ಹತ್ತಿರ ಒಳಗೆ ನುಗ್ಗಿ, ಗಂಟಲಿನ ತೂತಿನಿಂದ ಬಾಯಿಗೆ ಬರುತ್ತದೆ. ಹೆಸರಿಗೂ ಕೆಲಸಕ್ಕೂ ಇಷ್ಟು ನಿಕಟ ಸಂಬಂಧವಿರುವ ಪದ ವಾಸ್ತುಶಿಲ್ಪದಲ್ಲಿ ಅಪರೂಪ.

ಕಲ್ಲಿನ ಆಯ್ಕೆಯೂ ಅಷ್ಟೇ ಮುಖ್ಯ. ಪ್ಯಾರಿಸ್ ಸುತ್ತ ಸಿಗುವ ‘ಲಿಯೆ’ ಎಂಬ ನುಣುಪಾದ ಗಟ್ಟಿ ಸುಣ್ಣಕಲ್ಲು ಇದಕ್ಕೆ ಹೇಳಿಮಾಡಿಸಿದ್ದು. ಗಣಿಯಲ್ಲಿ ಕಲ್ಲು ಹೇಗೆ ಪದರಪದರವಾಗಿ ಮಲಗಿತ್ತೋ ಗೋಡೆಯಲ್ಲೂ ಹಾಗೇ ಮಲಗಿಸಬೇಕು. ಪದರ ಗೋಡೆಗೆ ಸಮಾನಾಂತರವಾಗಿ ನೆಟ್ಟಗೆ ನಿಂತರೆ ತಲೆ ಬಿಸ್ಕತ್ತಿನಂತೆ ಹೋಳಾಗಿ ಉದುರುತ್ತದೆ. ಕೆತ್ತನೆಯೆಲ್ಲ ಸಾಮಾನ್ಯವಾಗಿ ನೆಲದ ಮೇಲೇ ಮುಗಿಸಿ, ಆಮೇಲೆ ಏರಿಸುತ್ತಿದ್ದರು. ಮೃಗದ ರೆಕ್ಕೆ ಮೈಗಂಟಿರುವುದು, ಕಾಲುಗಳು ಗೋಡೆಯನ್ನು ಬಾಚಿ ತಬ್ಬಿರುವುದು ಬರೀ ಚಂದಕ್ಕಲ್ಲ: ಬಿಡಿಬಿಡಿಯಾಗಿ ಚಾಚಿದ ಕಲ್ಲು ಏರಿಸುವಾಗಲೇ ಮುರಿಯುತ್ತದೆ, ಮುರಿಯದಿದ್ದರೆ ಹಿಮ ಮುರಿಯುತ್ತದೆ.

ಜೋರು ಮಳೆಯಲ್ಲಿ ಗಾರ್ಗುಯ್‌ಗೆ ಏನೂ ತೊಂದರೆಯಿಲ್ಲ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನೀರು ಬಾಯಿ ಬಿಟ್ಟರೆ 30 ಮೀಟರ್ ಕೆಳಗೆ ಬೀಳುವಷ್ಟರಲ್ಲಿ ಇನ್ನೂ ಎರಡೂವರೆ ಮೀಟರ್ ಮುಂದೆ ಹೋಗಿರುತ್ತದೆ. ಕಾಟ ಕೊಡುವುದು ಜಿಟಿಜಿಟಿ ಮಳೆ. ಆಗ ನೀರಿಗೆ ಹಾರುವ ಜೋರಿಲ್ಲ. ತುಟಿಯಿಂದ ಗಲ್ಲಕ್ಕೆ, ಗಲ್ಲದಿಂದ ಕುತ್ತಿಗೆಯಡಿಗೆ ಅಂಟಿಕೊಂಡೇ ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಅದಕ್ಕೇ ಒಳ್ಳೆಯ ಗಾರ್ಗುಯ್‌ಯ ಕೆಳದವಡೆ ಚೂಪಾಗಿ ಮುಂದೆ ಬಂದಿರುತ್ತದೆ, ಗಲ್ಲದಡಿ ಒಂದು ಗೀರು ಇರುತ್ತದೆ. ಗೀರು ಸಿಕ್ಕ ಹನಿ ದಾಟಲಾರದೆ ತೊಟ್ಟಿಕ್ಕುತ್ತದೆ. ಇದೇ ಉಪಾಯ ಗೋಡೆಯುದ್ದಕ್ಕೂ ಚಾಚಿದ ಕಲ್ಲುಪಟ್ಟಿಯಲ್ಲೂ ಇದೆ. ಅದರ ಹೆಸರು ‘ಲಾರ್ಮಿಯೆ’, ಕಣ್ಣೀರು ಎಂಬರ್ಥದ ‘ಲಾರ್ಮ್’ನಿಂದ ಬಂದದ್ದು. ಗೋಡೆ ಕಣ್ಣೀರು ಸುರಿಸುತ್ತದೆ, ಗಂಟಲು ಗಳಗಳ ಎನ್ನುತ್ತದೆ, ಗೋಡೆಗೆ ಹೊರಗಿನಿಂದ ಆಸರೆಯಾಗುವ ಆನಿಕೆ ಕಮಾನು ಭುಜಕೊಟ್ಟು ತಳ್ಳುತ್ತದೆ. ಹೌದು, ‘ಆರ್ಕ್ ಬುತಾಂ’ ಎಂಬ ಆನಿಕೆ ಕಮಾನಿನ ಹೆಸರೂ ‘ಬುತೆ’, ಅಂದರೆ ತಳ್ಳು ಎಂಬ ಹಳೆಯ ಕ್ರಿಯಾಪದದಿಂದಲೇ ಬಂದದ್ದು. ಆ ಕಾಲದ ಕಟ್ಟಡ ಕೆಲಸಗಾರರಿಗೆ ಕಟ್ಟಡವೊಂದು ಮೈಯಿದ್ದಂತೆ. ಆ ಕಮಾನಿನ ಬೆನ್ನಿನ ಮೇಲೂ ಕಾಲುವೆ ಕೊರೆದು, ಎತ್ತರದ ಮಾಡಿನ ನೀರನ್ನು ಕೆಳಗಿನ ಮಾಡುಗಳ ಆಚೆ ದಾಟಿಸಿ, ತುದಿಯ ಕಂಬದಲ್ಲಿರುವ ಗಾರ್ಗುಯ್‌ಗೆ ಒಪ್ಪಿಸಿದ್ದು 13ನೇ ಶತಮಾನದ ಜಾಣ್ಮೆ.

ಕೆಡುವ ಬಗೆ ಹಲವು. ಪಾರಿವಾಳದ ಗೂಡು, ಎಲೆ, ಪಾಚಿ ಗಂಟಲಿಗೆ ಸಿಕ್ಕಿಕೊಂಡರೆ ನೀರು ದೋಣಿಯಲ್ಲಿ ನಿಂತು ಗೋಡೆಯ ನಡುವಿಗೇ ಇಳಿಯುತ್ತದೆ. ಹೊರಗೆ ಕಲೆ ಕಾಣುವ ಹೊತ್ತಿಗೆ ಒಳಗೆ ಆಗಬೇಕಾದದ್ದು ಆಗಿರುತ್ತದೆ. ಬೆನ್ನಿನ ಕಾಲುವೆ ಗೋಡೆಯನ್ನು ಸೇರುವ ಕಡೆ ಅಡ್ಡ ಬಿರುಕು ಬಂದಿದೆಯೇ ಎಂದು ಮೊದಲು ನೋಡಬೇಕು, ಮುರಿಯುವುದು ಅಲ್ಲೇ. ಹಳೆಯ ದುರಸ್ತಿಯಲ್ಲಿ ಕಬ್ಬಿಣದ ಕಡ್ಡಿ ಹಾಕಿದ್ದರೆ ತುಕ್ಕು ಹಿಗ್ಗಿ ಕಲ್ಲನ್ನು ಸೀಳುತ್ತದೆ, ಈಗ ತುಕ್ಕು ಹಿಡಿಯದ ಉಕ್ಕು ಬಳಸುತ್ತಾರೆ. ಸಿಮೆಂಟಿನಿಂದ ತೇಪೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಸುಣ್ಣಕಲ್ಲಿಗಿಂತ ಗಡಸು, ತೇವವನ್ನು ಹೊರಬಿಡದು. ತೇಪೆ ಗಟ್ಟಿಯಾಗಿ ಉಳಿಯುತ್ತದೆ, ಅದರ ಸುತ್ತಲಿನ ಕಲ್ಲು ಪುಡಿಯಾಗುತ್ತದೆ. ಕಾಲುವೆಗೆ ಸೀಸದ ಹಾಳೆ ಹೊದಿಸಿ, ಬಾಯಿಂದ ಒಂದು ಗೇಣು ಸೀಸದ ಕೊಳವೆ ಹೊರಬಿಡುವುದು ಪಳಗಿದ ದಾರಿ. ನಾಲಿಗೆಯ ಜಾಗದಲ್ಲಿ ಕೊಳವೆ ನೋಡಲು ಅಷ್ಟು ಚೆನ್ನಾಗಿರುವುದಿಲ್ಲ. ಗೋಡೆ ಉಳಿಯುತ್ತದೆ.

ಗಂಟಲಿನಲ್ಲಿ ನೀರಲ್ಲದೆ ಬೇರೇನೋ ಹರಿದ ಒಂದು ಸಂದರ್ಭವಿದೆ. 1914ರ ಸೆಪ್ಟೆಂಬರ್ 19ರಂದು ಜರ್ಮನ್ ಶೆಲ್ ದಾಳಿಗೆ ರ‍್ಯಾಂಸ್ ಕೆಥೆಡ್ರಲ್ಲಿನ ಅಟ್ಟಣೆಗೆ ಬೆಂಕಿ ಹತ್ತಿ ಮಾಡು ಉರಿಯಿತು. ಮಾಡಿಗೆ ಹೊದಿಸಿದ್ದ ಸೀಸ ಕರಗಿ, ಮಳೆನೀರಿನ ದಾರಿಯನ್ನೇ ಹಿಡಿದು, ಗಾರ್ಗುಯ್‌ಗಳ ಬಾಯಿಂದ ಸುರಿಯಿತು. ಬಾಯಿ ತುಂಬ ಹೆಪ್ಪುಗಟ್ಟಿದ ಸೀಸವನ್ನು ಕಚ್ಚಿಕೊಂಡಿರುವ ಕಲ್ಲುಗಳನ್ನು ಪಕ್ಕದ ಪ್ಯಾಲೆ ದ್ಯು ತೋ ಎಂಬ ಹಳೆಯ ಅರಮನೆಯ ಸಂಗ್ರಹದಲ್ಲಿ ಕಾಪಾಡಿದ್ದಾರೆ. ನೀರಿನ ದಾರಿ ಎಷ್ಟು ಕರಾರುವಾಕ್ಕಾಗಿತ್ತು ಎಂಬುದಕ್ಕೆ ಇದಕ್ಕಿಂತ ಕ್ರೂರ ಸಾಕ್ಷಿ ಬೇಡ.

ಈಗ ನೀವು ಅಚ್ಚು ಹಾಕಿದ ಚಿತ್ರ. ಅದರ ಹೆಸರು ‘ಸ್ತ್ರೀಜ್’. ನೋತ್ರ್ ದಾಮ್‌ನ ಗೋಪುರಗಳ ಕಟಾಂಜನದ ಮೇಲೆ ಕೂತಿರುವ 54 ಕಲ್ಪಿತ ಮೃಗಗಳಲ್ಲಿ ಅದೂ ಒಂದು. ಫ್ರೆಂಚರು ಇವನ್ನು ‘ಶಿಮೇರ್’ ಎನ್ನುತ್ತಾರೆ. 1844ರಲ್ಲಿ ಲಾಸ್ಯು ಎಂಬ ಇನ್ನೊಬ್ಬ ವಾಸ್ತುಶಿಲ್ಪಿಯ ಜೊತೆ ಜೀರ್ಣೋದ್ಧಾರದ ಹೊಣೆ ಪಡೆದ ಅದೇ ವಿಯೊಲೆ-ಲ-ದ್ಯುಕ್ ಹೊಸದಾಗಿ ಮಾಡಿಸಿದವು ಇವು. ಮೆರಿಯೋಂ ಎಂಬ ಕಲಾವಿದ 1853ರಲ್ಲಿ ಕೊರೆದ ಚಿತ್ರದಿಂದ ಸ್ತ್ರೀಜ್ ಊರೆಲ್ಲ ಪ್ರಸಿದ್ಧವಾಯಿತು. ಅದರ ಬೆನ್ನಲ್ಲಿ ಕಾಲುವೆ ಇಲ್ಲ, ಗಂಟಲಲ್ಲಿ ತೂತಿಲ್ಲ, ಒಂದು ಹನಿ ನೀರನ್ನೂ ಅದು ಉಗುಳಿದ್ದಿಲ್ಲ. ಅದೇ ಕಟ್ಟಡದಲ್ಲಿ ನಿಜವಾದ ಗಾರ್ಗುಯ್‌ಗಳೂ ಇವೆ, ಗೋಡೆಯಿಂದ ಅಡ್ಡಡ್ಡ ಚಾಚಿಕೊಂಡು. ಛಾಯಾಗ್ರಾಹಕರು ಮಾತ್ರ ಸ್ತ್ರೀಜ್ ಹಿಂದೆಯೇ ಬೀಳುತ್ತಾರೆ. ದಿಜೋಂ ಊರಿನ ನೋತ್ರ್ ದಾಮ್ ಇಗರ್ಜಿ ಇನ್ನೂ ದಾರಿ ತಪ್ಪಿಸುತ್ತದೆ. ಅದರ ಮುಖಗೋಡೆಯಲ್ಲಿ ಗಾರ್ಗುಯ್ ಹಾಗೇ ಅಡ್ಡಕ್ಕೆ ಚಾಚಿದ ಮೃಗಗಳ ಸಾಲುಗಳಿವೆ. ಆದರೆ ಅವು 1880ರ ದಶಕದ ಆರಂಭದಲ್ಲಿ ಕೂರಿಸಿದವು, ಬರೀ ಅಲಂಕಾರ. ಫ್ರೆಂಚರೇ ಅವನ್ನು ಹುಸಿ ಗಾರ್ಗುಯ್ ಎಂದು ಕರೆಯುತ್ತಾರೆ.

ದುಷ್ಟಶಕ್ತಿಯ ವಾದಕ್ಕೆ ಬೆಂಬಲವಾಗಿ ಎಂಬಂತೆ 12ನೇ ಶತಮಾನದ ಫ್ರೆಂಚ್ ಸನ್ಯಾಸಿ, ಕ್ಲೇರ್ವೋದ ಸಂತ ಬರ್ನಾರ್ಡ್‌ನ ಸಿಡಿಮಿಡಿಯನ್ನೂ ಹಲವರು ಉಲ್ಲೇಖಿಸುವುದುಂಟು. ವಿಕಾರ ಮೃಗಗಳಿಗೆ ಇಲ್ಲೇನು ಕೆಲಸ ಎಂದು ಅವನು ಕೇಳಿದ್ದು ನಿಜ. ಆದರೆ ಕೇಳಿದ್ದು 1125ರ ಸುಮಾರಿಗೆ, ಸನ್ಯಾಸಿಗಳು ಕೂತು ಓದುವ ಮಠದ ಒಳಾಂಗಣದ ಕೆತ್ತನೆಗಳನ್ನು ಕುರಿತು. ಲಾಂ ಕೆಥೆಡ್ರಲ್ಲಿನ ಗಾರ್ಗುಯ್‌ಗಳಿಗೂ ಅದಕ್ಕೂ ಸುಮಾರು ನೂರು ವರ್ಷಗಳ ಅಂತರ. ಕೆತ್ತಿದವನ ಮನಸ್ಸಿನಲ್ಲಿ ಭೂತ ಇತ್ತೋ, ಮೇಸ್ತ್ರಿಯ ಮುಖ ಇತ್ತೋ, ವಾದಿಸುತ್ತ ಕೂರಬಹುದು. ಕಾಲುವೆಯನ್ನು ಮಾತ್ರ ಕೈಯಿಟ್ಟು ಮುಟ್ಟಿ ನೋಡಬಹುದು.

ಫ್ರಾನ್ಸಿನಲ್ಲಿ ಈ ಪದ ಇನ್ನೂ ದುಡಿಯುತ್ತಿದೆ. ಮನೆಯ ಮಳೆಕೊಳವೆಯಿಂದ ಇಳಿದ ನೀರನ್ನು ಕಾಲುದಾರಿಗೆ ಅಡ್ಡಲಾಗಿ ರಸ್ತೆಯಂಚಿನ ಚರಂಡಿಗೆ ಸಾಗಿಸುವ ಎರಕದ ಕಬ್ಬಿಣದ ಕಾಲುವೆಗೂ, ತಾರಸಿಯ ಮೋಟುಗೋಡೆಯಿಂದ ನೀರು ಹೊರಬಿಡುವ ಕೊಳವೆತುಂಡಿಗೂ ಅಲ್ಲಿನ ಕೆಲಸಗಾರರು ಗಾರ್ಗುಯ್ ಎಂದೇ ಹೇಳುತ್ತಾರೆ. ಅದಕ್ಕೆ ಕೊಂಬೂ ಇಲ್ಲ, ರೆಕ್ಕೆಯೂ ಇಲ್ಲ.

ಕನ್ನಡದಲ್ಲಿ ಬರೆಯುವಾಗ ‘ರಕ್ಕಸ ಮೂರ್ತಿ’, ‘ವಿಕಾರ ಶಿಲ್ಪ’ ಎಂದೆಲ್ಲ ಅನುವಾದಿಸುವುದಕ್ಕಿಂತ ನೀರು, ಕೊರಳು ಎರಡನ್ನೂ ಕೂಡಿಸಿ ‘ನೀರ್ಗೊರಳು’ ಎನ್ನಬಹುದೆಂದು ನಮ್ಮ ಸಲಹೆ. ಅದು ಬೇಡವೆನಿಸಿದರೆ ಗಾರ್ಗಾಯ್ಲ್ ಎಂದೇ ಇರಲಿ, ಆದರೆ ನೀರು ಉಗುಳುವ ಕಲ್ಲಿಗೆ ಮಾತ್ರ. ಚಿತ್ರ ಆರಿಸುವಾಗ ಗುರುತು ಹಿಡಿಯುವುದು ಸುಲಭ: ಗೋಡೆಯಿಂದ ಅಡ್ಡಕ್ಕೆ ಚಾಚಿದೆಯೇ, ಬಾಯಿ ತೆರೆದಿದೆಯೇ, ಬೆನ್ನಿನಲ್ಲಿ ಕಾಲುವೆ ಇದೆಯೇ ಎಂದು ನೋಡಿ. ನೆಟ್ಟಗೆ ಕೂತು ಊರು ನೋಡುತ್ತಿದ್ದರೆ ಬಹುಮಟ್ಟಿಗೆ ಅದು ಶಿಮೇರ್. ಆ ಚಿತ್ರವನ್ನು ಮತ್ತೆ ಬಳಸುವುದಾದರೆ ಅಡಿಬರಹ ಹೀಗಿರಲಿ: ‘ಸ್ತ್ರೀಜ್ ಎಂಬ ಶಿಮೇರ್, ನೋತ್ರ್ ದಾಮ್, ಪ್ಯಾರಿಸ್, 19ನೇ ಶತಮಾನ.’

ಇಂತಿ,
ಹಳೆಯ ಕಟ್ಟಡಗಳ ಕೆಲಸ ಬಲ್ಲ ಇಬ್ಬರು ಓದುಗರು